ಕುರಿ ಹಿಂದೆ ಹೋದ ಹೆಪ್ಪು

ಚಿತ್ರದುರ್ಗ
21-8-2005

ಅಣ್ಣನಿಗೆ ನಮಸ್ಕಾರ.

ಈ ಕ್ರೀಡಾ ಹಾಸ್ಟೆಲ್ಲಿಗೆ ಬಂದು ಎರಡು ತಿಂಗಳಾಯಿತು, ಒಂದು ಕಾಗದವೂ ಹಾಕಲಿಲ್ಲ ಎಂದು ನೀನು ಬೈದುಕೊಂಡಿರುತ್ತೀಯ. ಬೈದುಕೋ. ಬರೆಯಲು ಕೂತರೆ ಕಣ್ಣು ಎಳೆಯುತ್ತದೆ. ಬಂದ ವಾರದಲ್ಲೇ ಹಿಡಿದ ಜ್ವರ ಬಿಟ್ಟಿತು, ಸುಸ್ತು ಮಾತ್ರ ಬಿಟ್ಟಿಲ್ಲ. ಡಾಕ್ಟರು ಮೂರು ಸಲ ಗುಳಿಗೆ ಬದಲಾಯಿಸಿದರು. ಜ್ವರ ಹೋದ ಮೇಲೆ ನೆಗಡಿ, ನೆಗಡಿ ಹೋದ ಮೇಲೆ ಹೊಟ್ಟೆ ಕೆಡುವುದು, ಅದಕ್ಕೆ ಮತ್ತೆ ಗುಳಿಗೆ.

ಬೆಳಗ್ಗೆ ಐದೂವರೆಗೆ ಸ್ಟೇಡಿಯಮ್ಮಿನಲ್ಲಿ ಇರಬೇಕು. ಮೂರು ಸಾವಿರ ಮೀಟರ್ ಎಂದರೆ ಏಳೂವರೆ ಸುತ್ತು. ನಾಲ್ಕನೇ ಸುತ್ತಿಗೇ ಈ ಕಾಲು ನನ್ನದಲ್ಲ ಅನ್ನಿಸುತ್ತದೆ. ನಿನ್ನೆ ನಮ್ಮ ಕೋಚ್ ಮಾರುತೇಶ್ ಸರ್, "ಏನವ್ವಾ, ಐಮಂಗಲದ ಕುದ್ರೆ ಅಂತ ಕರ್ಕಂಡು ಬಂದೆ, ಕತ್ತೆನಾದ್ರೂ ಇಷ್ಟೊತ್ತಿಗೆ ಮುಟ್ತಿತ್ತಲ್ಲ" ಎಂದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಆಮೇಲೆ ಬಚ್ಚಲಿಗೆ ಹೋಗಿ ಅತ್ತೆ.

ಮಾರ್ಚ್‌ನಲ್ಲಿ ಆಯ್ಕೆ ಓಟ ಇದೆ. ನಾವು ಹದಿನಾಲ್ಕು ಹುಡುಗಿಯರು, ಮುಂದಿನ ವರ್ಷಕ್ಕೆ ಎಂಟೇ ಸೀಟು. ಸೀಟು ಹೋದರೆ ಹಾಸ್ಟೆಲ್ ಹೋಯಿತು, ಹಾಸ್ಟೆಲ್ ಹೋದರೆ ಕಾಲೇಜೂ ಹೋಯಿತು. ಹಟ್ಟಿಗೆ ಬಂದು ಜುಂಜಪ್ಪ ಮಾವನ ಮಗನಿಗೆ ಕುತ್ತಿಗೆ ಒಡ್ಡಬೇಕು. ಆ ಮದುವೆ ಬೇಡವೆಂದು ಬಂದವಳಿಗೆ ಅಪ್ಪ ಹೇಳಿದ್ದು ನಿನಗೂ ಕೇಳಿಸಿತ್ತಲ್ಲ: "ಹೋಗಾದಾದ್ರೆ ಹೋಗು. ತಿರುಗಿ ಬರಾ ದಾರಿ ನೀನೇ ನೋಡ್ಕ." ಅವ್ವ ಬಸ್ಸಿನ ತನಕ ಇರಲಿ, ಬಾಗಿಲಿಗೂ ಬರಲಿಲ್ಲ.

ಫೋನ್ ಮಾಡು ಎಂದು ಬರೆಯಬೇಡ. ವಾರ್ಡನ್ ಮುಂದೆ ನಿಂತು ಒಂದು ನಿಮಿಷದಲ್ಲಿ ಏನು ಹೇಳಲಿ? ಅವ್ವ ನನ್ನ ಹೆಸರು ಎತ್ತುತ್ತಾಳಾ, ಅದೊಂದನ್ನು ಬರಿ.

ನಿನ್ನ ತಂಗಿ
ಕಾವ್ಯಶ್ರೀ


ಐಮಂಗಲ
2-9-2005

ತಂಗಿ ಕಾವ್ಯಶ್ರೀಗೆ ದಯಾನಂದ ಮಾಡುವ ಆಶೀರ್ವಾದ.

ಒಂದು ಗಂಟೆಯ ಬಸ್ಸಿನ ದಾರಿಯನ್ನು ನಿನ್ನ ಕಾಗದ ಐದು ದಿನ ನಡೆದು ಬಂದಿದೆ. ಅದಕ್ಕೂ ನಿನ್ನಷ್ಟೇ ಸುಸ್ತಾಗಿರಬೇಕು.

ನಾನೂ ನಿನ್ನ ಹಾಗೆ ಐದಕ್ಕೇ ಏಳುವವನು. ಡೈರಿ ಬಾಗಿಲು ತೆಗೆದು, ಕ್ಯಾನು ತೊಳೆಸಿ, ಹಾಲಿಗೆ ಮಾಪಕ ಬಿಟ್ಟು, ದಿನಾ ಒಬ್ಬರಿಗಾದರೂ "ನೀರು ಜಾಸ್ತಿ ಆಗೈತೆ" ಎಂದು ಹೇಳಿ ಬೈಸಿಕೊಳ್ಳಬೇಕು. ಹಾಲಿನ ಸಂಘದ ಕಾರ್ಯದರ್ಶಿ ಎಂದು ಬೋರ್ಡಿನಲ್ಲಿ ನನ್ನ ಹೆಸರು ಬರೆದಿದ್ದಾರೆ. ಆ ಬೋರ್ಡು ನನಗಿಂತ ಹುರುಪಾಗಿ ಕಾಣುತ್ತದೆ.

ನಿನ್ನ ಕಾಗದವನ್ನು ಜೋರಾಗಿ ಓದಿದೆ. ಅವ್ವ ರಾಗಿ ಹಸನು ಮಾಡುತ್ತಿದ್ದಳು. "ಬಚ್ಚಲಿಗೆ ಹೋಗಿ ಅತ್ತೆ" ಎಂಬಲ್ಲಿಗೆ ಬಂದಾಗ, "ಅಂಬಲಿ ಉಕ್ಕುತ್ತೆ" ಎಂದು ಎದ್ದು ಒಳಗೆ ಹೋದಳು. ಒಲೆ ಹಚ್ಚಿಯೇ ಇರಲಿಲ್ಲ. ಅಪ್ಪ ಪೂರ್ತಿ ಕೇಳಿಸಿಕೊಂಡು, ಎರಡು ಕುರಿಗೆ ಕಾಲುಬೇನೆ ಬಂದ ಸುದ್ದಿ ಹೇಳಿದ.

ಹೆಸರು ಎತ್ತುತ್ತಾಳಾ ಎಂದು ಕೇಳಿದ್ದೀಯ. ಎತ್ತುವುದಿಲ್ಲ. ಆದರೆ ಊಟಕ್ಕೆ ತಟ್ಟೆ ಹಾಕುವಾಗ ಈಗಲೂ ಒಂದು ಹೆಚ್ಚು ಹಾಕಿ, ಆಮೇಲೆ ತೆಗೆದಿಡುತ್ತಾಳೆ. ಮೈ ನೋಡಿಕೋ.

ಇಂತಿ
ದಯಾನಂದ


ಚಿತ್ರದುರ್ಗ
9-10-2005

ಅಣ್ಣಾ,

ಈ ಕಾಗದವನ್ನು ಅವ್ವನಿಗೆ ನಿಧಾನವಾಗಿ ಓದು. ಅರ್ಥವಾಗದಿದ್ದರೆ ಎರಡು ಸಲ ಓದು.

ನಮ್ಮ ಕಾಲೇಜಿನಲ್ಲಿ ಉಷಾರಾಣಿ ಮೇಡಂ ಎಂದು ಜೀವಶಾಸ್ತ್ರ ಹೇಳಿಕೊಡುವವರು ಇದ್ದಾರೆ. ಓಡುವ ಹುಡುಗಿಯರ ಸುಸ್ತಿನ ಬಗ್ಗೆ ಏನೋ ಅಧ್ಯಯನ ಮಾಡುತ್ತಿದ್ದಾರೆ. ನಮಗೆಲ್ಲ ಒಂದೊಂದು ನೋಟ್‌ಬುಕ್ ಕೊಟ್ಟು, ಎಷ್ಟು ಓಡಿದೆ, ಏನು ತಿಂದೆ, ಎಷ್ಟು ಸುಸ್ತು ಎಂದು ದಿನಾ ಬರೆಯಲು ಹೇಳಿದ್ದಾರೆ. ನನ್ನ ಪುಸ್ತಕದಲ್ಲಿ ಸುಸ್ತಿನ ಮನೆ ಮಾತ್ರ ತುಂಬಿದೆ.

ಅವರು ಹೇಳುವುದು ಇಷ್ಟು. ನಮ್ಮ ಕರುಳಿನಲ್ಲಿ ಕಣ್ಣಿಗೆ ಕಾಣದ ಸಣ್ಣ ಜೀವಿಗಳು ಲೆಕ್ಕವಿಲ್ಲದಷ್ಟು ಇರುತ್ತವೆಯಂತೆ. ಎಲ್ಲವೂ ರೋಗ ತರುವಂಥವಲ್ಲ. ತಿಂದದ್ದನ್ನು ಮೈಗೆ ಹತ್ತಿಸುವುದಕ್ಕೆ, ನೆಗಡಿ ಜ್ವರ ತಡೆಯುವುದಕ್ಕೆ ಒಳ್ಳೆಯವು ನೆರವಾಗುತ್ತವೆ. ಜ್ವರದ ಗುಳಿಗೆ ಕೆಟ್ಟವನ್ನು ಕೊಲ್ಲುವಾಗ ಒಳ್ಳೆಯವನ್ನೂ ಕೊಲ್ಲುತ್ತದೆ. ಮೇಲೆ ದಿನಾ ಮಿತಿಮೀರಿ ಓಡಿದರೆ ಉಳಿದವೂ ಸೊರಗುತ್ತವೆ. "ಇದು ಇನ್ನೂ ಪೂರ್ತಿ ಗೊತ್ತಾಗಿಲ್ಲ ಕಣವ್ವ, ದೊಡ್ಡ ದೊಡ್ಡೋರೂ ಈಗೀಗ ಹುಡುಕ್ತಾ ಅವ್ರೆ" ಎಂದು ಅವರೇ ಹೇಳಿದರು.

"ಮನೇಲಿ ಏನು ಕುಡೀತಿದ್ದೆ?" ಎಂದು ಕೇಳಿದರು. ಬೆಳಗ್ಗೆ ಹುಳಿ ಅಂಬಲಿ, ಮಧ್ಯಾಹ್ನ ಮಜ್ಜಿಗೆ, ರಾತ್ರಿ ಮೊಸರು ಎಂದೆ. ಇಲ್ಲಿ ಏನು ಎಂದರು. ಅನ್ನ, ತಿಳಿಸಾರು, ಭಾನುವಾರ ಒಂದು ಮೊಟ್ಟೆ, ಸಂಜೆ ಒಂದು ಲೋಟ ಹಾಲು ಎಂದೆ. ಅವರು ಪೆನ್ನು ಕೆಳಗಿಟ್ಟರು. ಒಳ್ಳೆಯ ಮೊಸರು ಯಾವುದಾದರೂ ಆಗುತ್ತದೆ, ಆದರೆ ಚಿಕ್ಕಂದಿನಿಂದ ಕುಡಿದ ಮನೆಯ ಹೆಪ್ಪೇ ಸಿಕ್ಕರೆ ತಾನೂ ನೋಡಬೇಕು ಎಂದರು.

ಅಣ್ಣಾ, ನಮ್ಮ ಮನೆಯ ಹೆಪ್ಪು ಹೊಸ್ತಿಲು ದಾಟುವುದಿಲ್ಲ ಎಂದು ನನಗೆ ಗೊತ್ತು. ಪಕ್ಕದ ಮನೆ ಮುದ್ದಕ್ಕನಿಗೂ ಕೊಡುವುದಿಲ್ಲ. ಮಗಳು ಗಂಡನ ಮನೆಗೆ ಹೊರಟ ದಿನ ಮಾತ್ರ ತಾಯಿ ಗಿಂಡಿಯಲ್ಲಿ ಹಾಕಿ ಕೊಡುತ್ತಾಳೆ. ಅವ್ವ ಹೊಸದುರ್ಗದ ಕಡೆಯಿಂದ ತಂದದ್ದು ಹಾಗೆ, ಅಕ್ಕ ಪುಟ್ಟಕ್ಕ ಒಯ್ದದ್ದು ಹಾಗೆ. ಆದರೂ ಕೇಳು. ಒಂದು ಚಮಚ ಸಾಕು. ಸಂಜೆಯ ಹಾಲಿಗೆ ಹಾಕಿಕೊಳ್ಳುತ್ತೇನೆ.

ಕಾವ್ಯ


ಐಮಂಗಲ
20-10-2005

ಕಾವ್ಯಾ,

ಕೆಲಸ ಕೆಡಿಸಿದವನು ನಾನು. ಕಣ್ಣಿಗೆ ಕಾಣದ ಸಣ್ಣ ಜೀವಿಗಳು ಎಂದು ಓದಿದೆ. "ಹಂಗಂದ್ರೆ?" ಎಂದಳು ಅವ್ವ. ಸಣ್ಣ ಹುಳ ಇದ್ದ ಹಾಗೆ ಎಂದೆ. ಮುಗಿಯಿತು.

"ನನ್ ಮಗ್ಳ ಹೊಟ್ಟ್ಯಾಗೆ ಹುಳ ಅಂದ್ಳಾ ಆಯಮ್ಮ? ನನ್ ಮೊಸರಾಗೆ ಹುಳ ಐತೆ ಅಂದ್ಳಾ? ಬರ್ಲಿ ಇಲ್ಲಿಗೆ, ಮಡಕೆ ತೋರಿಸ್ತೀನಿ" ಎಂದು ಹಟ್ಟಿಯೆಲ್ಲ ಕೇಳುವಂತೆ ಕೂಗಾಡಿದಳು. ಮುದ್ದಕ್ಕ ಹೊರಗೆ ಬಂದು ನಿಂತು ಖುಷಿಪಟ್ಟಳು. ಸಂಜೆಗೆ ಅವ್ವ ಬೇವಿನ ಚಿಗುರು ಅರೆದು ಹನ್ನೊಂದು ಉಂಡೆ ಕಟ್ಟಿ ಒಣಗಿಸಿದ್ದಾಳೆ. ಹುಳ ಬೀಳಲಿ ಎಂದು. ಪಾರ್ಸೆಲ್ ಮಾಡಿದ್ದೇನೆ. ತಿನ್ನುವುದು ಬಿಡುವುದು ನಿನಗೆ ಬಿಟ್ಟಿದ್ದು, ಆದರೆ ತಿಂದೆ ಎಂದು ಬರಿ.

ಸಿಟ್ಟು ಇಳಿದ ಮೇಲೆ ಹೆಪ್ಪಿನ ಮಾತು ಎತ್ತಿದೆ. ಆಗ ಕೂಗಾಡಲಿಲ್ಲ. "ಹೆಪ್ಪು ಕೊಟ್ರೆ ಮಗ್ಳನ್ನ ಕೊಟ್ಟಂಗೆ. ಆ ಹಾಸ್ಟೆಲ್ಲು ಅವ್ಳ ಗಂಡನ ಮನೇನಾ? ನಾನು ಕೊಡಲ್ಲ" ಎಂದು ಮಡಕೆಗೆ ಮುಚ್ಚಳ ಹಾಕಿದಳು. ಅಪ್ಪ ಬಾಗಿಲಲ್ಲಿ ಕೂತು ಕಂಬಳಿಯ ಎಳೆ ಬಿಡಿಸುತ್ತಿದ್ದ.

ಚಿತ್ರದುರ್ಗದಲ್ಲಿ ಮೊಸರಿಗೇನು ಬರ ಬಂದಿದೆಯೇ? ಅಂಗಡಿಯದ್ದೇ ತಿನ್ನು. ಮನೆಯದ್ದೇ ಬೇಕು ಎನ್ನುವುದು ನಿನ್ನ ಹೊಟ್ಟೆಯೋ, ನಿನ್ನ ಹಟವೋ?

ದಯಾನಂದ


ಚಿತ್ರದುರ್ಗ
6-11-2005

ಅಣ್ಣಾ,

ಉಂಡೆ ತಿಂದೆ. ಎರಡು ತಿಂದು ಎರಡನ್ನೂ ವಾಂತಿ ಮಾಡಿದೆ. ತಿಂದೆ ಎಂದು ಮಾತ್ರ ಓದು.

ಅಂಗಡಿ ಮೊಸರು ದಿನಾ ತಿನ್ನುತ್ತಿದ್ದೇನೆ. ಕೆಡುಕೇನೂ ಇಲ್ಲ, ಹೊಟ್ಟೆ ಸ್ವಲ್ಪ ಸುಧಾರಿಸಿದೆ. ಆದರೆ ಓಟ ಹಾಗೇ ಇದೆ. ಹದಿನಾಲ್ಕು ಜನರಲ್ಲಿ ಹದಿಮೂರನೆಯವಳು. ಹದಿನಾಲ್ಕನೆಯವಳಿಗೆ ಪಾದ ಉಳುಕಿದೆ.

ಹೊಟ್ಟೆಯೋ ಹಟವೋ ಎಂದು ಕೇಳಿದೆಯಲ್ಲ. ಎರಡೂ. ಇನ್ನು ಕೇಳುವುದಿಲ್ಲ ಬಿಡು, ಕೇಳಿ ಕೇಳಿ ಸಾಕಾಗಿದೆ.

ಕಾವ್ಯ


ಐಮಂಗಲ
4-12-2005

ತಂಗೀ,

ಬರೆಯಲು ಹೆಚ್ಚೇನಿಲ್ಲ. ರಾಗಿ ಕೊಯ್ಲು ಮುಗಿಯಿತು. ಜುಂಜಪ್ಪ ಮಾವ ಮತ್ತೊಮ್ಮೆ ಬಂದು ಕಾಫಿ ಕುಡಿದು, ಮಾರ್ಚ್ ಕಳೆಯಲಿ ಎಂದು ಹೇಳಿ ಹೋದ. ಅಪ್ಪ ಇನ್ನೆರಡು ವಾರದಲ್ಲಿ ಕುರಿ ಹೊಡೆದುಕೊಂಡು ಭರಮಸಾಗರದ ಕಡೆ ಹೊರಡುತ್ತಾನೆ, ಅಲ್ಲಿಂದ ದಾವಣಗೆರೆ ಕಡೆಯ ಗದ್ದೆಗಳಿಗೆ. ತಿರುಗಿ ಬರುವುದು ಮುಂಗಾರಿಗೆ.

ಈ ಸಲ ಒಂದು ವಿಚಿತ್ರ. ಕಾಗದ ಬರೆದು ಮುಗಿಸುವ ಮೊದಲೇ ಅಪ್ಪ ಬಂದು ಕವರಿಗೆ ಕೈ ಚಾಚಿ, "ಐಮಂಗಲಕ್ಕೆ ಹೊಂಟೀನಿ, ನಾನೇ ಅಂಟಿಸಿ ಡಬ್ಬಿಗೆ ಹಾಕ್ತೀನಿ ತಗಾ" ಎಂದ. ಹಟ್ಟಿ ಬಿಟ್ಟು ಅವನು ಊರ ಕಡೆ ಹೋಗುವ ದಿನ ಇವತ್ತಲ್ಲ. ಆದರೂ ಕೊಡುತ್ತಿದ್ದೇನೆ.

ದಯಾನಂದ


ಚಿತ್ರದುರ್ಗ
16-12-2005

ಅಣ್ಣಾ,

ನಿನ್ನ ಕಾಗದದ ಜೊತೆ ಕವರಿನಲ್ಲಿ ಅಂಗೈಯಗಲದ ಒಂದು ಬಿಳಿ ಬಟ್ಟೆ ಇತ್ತು. ಗಂಜಿ ಹಾಕಿದಂತೆ ಬಿರುಸಾಗಿ, ಹುಳಿ ವಾಸನೆ ಹೊಡೆಯುತ್ತಿತ್ತು. ಅವ್ವ ಕಾಲಿಗೆ ಕಟ್ಟಿಕೊಳ್ಳಲಿ ಎಂದು ಕಳಿಸಿರಬೇಕು ಅಂದುಕೊಂಡೆ. ಸೋಪು ಹಾಕಿ ಬಿಸಿನೀರಿನಲ್ಲಿ ಎರಡು ಸಲ ಒಗೆದು, ಬಿಸಿಲಲ್ಲಿ ಒಣಗಿಸಿ, ಎಡ ಮಂಡಿಗೆ ಕಟ್ಟಿಕೊಂಡು ಓಡುತ್ತಿದ್ದೇನೆ. ಹಿತವಾಗಿದೆ. ಅವ್ವನಿಗೆ ಹೇಳು.

ನಿನ್ನೆ ಹನ್ನೊಂದನೆಯವಳಾದೆ. ಮೂವರು ಹುಡುಗಿಯರು ಮದುವೆಗೆಂದು ಊರಿಗೆ ಹೋಗಿದ್ದರು, ಅದನ್ನು ಹೇಳಬೇಡ.

ಕಾವ್ಯ


ಐಮಂಗಲ
25-12-2005

ಕಾವ್ಯಾ,

ನಿನ್ನ ಕಾಗದ ಓದಿದ ದಿನ ಮನೆಯಲ್ಲಿ ಯಾರೂ ಸರಿಯಾಗಿ ಉಣ್ಣಲಿಲ್ಲ. ಸೋಪು ಹಾಕಿ ಒಗೆದೆ ಎಂದು ಓದಿದಾಗ ಅಪ್ಪ ಎದ್ದು ಕಂಬಳಿ ಹೆಗಲಿಗೆ ಹಾಕಿಕೊಂಡು ಕುರಿರೊಪ್ಪದ ಕಡೆ ಹೋದ. ಮಾರನೇ ದಿನವೇ ಮಂದೆ ಹೊರಟಿತು.

ನಾನು ಅವ್ವನನ್ನು ಕೇಳಿದೆ. ಅವಳು ಮೊದಲು ನಕ್ಕಳು, ಆಮೇಲೆ ಸೆರಗಿನಲ್ಲಿ ಮುಖ ಒರೆಸಿಕೊಂಡಳು. ಅದು ಹೆಪ್ಪು ಕಣೇ. ಕುರಿ ಹಿಂದೆ ಹೋಗುವವರಿಗೆ ಮಡಕೆ ಹೊರಲಾಗುತ್ತದೆಯೇ? ಮನೆಯ ಮೊಸರಿನಲ್ಲಿ ಬಟ್ಟೆ ಅದ್ದಿ ನೆರಳಲ್ಲಿ ಒಣಗಿಸಿ ಒಯ್ಯುತ್ತಾರೆ. ಎಲ್ಲಿ ನಿಂತರೂ ಆಡಿನ ಹಾಲು ಕಾಸಿ, ಉಗುರು ಬೆಚ್ಚಗಾದಾಗ ಬಟ್ಟೆ ಅದ್ದಿಟ್ಟರೆ ಬೆಳಗ್ಗೆ ಮೊಸರು. ಬಟ್ಟೆ ಹಿಂಡಿ ಮತ್ತೆ ಒಣಗಿಸುವುದು. ಕುರಿ ಕಾಯದ ನನಗೆ ಗೊತ್ತಿರಲಿಲ್ಲ, ನಿನಗೆ ಹೇಗೆ ಗೊತ್ತಿರಬೇಕು? ಹಾಲಿನ ಸಂಘದ ಕಾರ್ಯದರ್ಶಿ ನಾನು, ನಾಚಿಕೆಯಾಯಿತು.

ಅಪ್ಪ ಹಿತ್ತಿಲಲ್ಲಿ ಕದ್ದು ಒಣಹಾಕಿದ್ದನ್ನು ಅವ್ವ ನೋಡಿದ್ದಳಂತೆ. ನೋಡದವಳ ಹಾಗೆ ಇದ್ದಳಂತೆ. "ಹೆಪ್ಪು ಕೊಡಬಾರ್ದು ಅಂದಿದ್ದೆಯಲ್ಲವ್ವ" ಎಂದೆ. "ಅದು ಕೊಟ್ಟ ಹೆಪ್ಪಲ್ಲ ಕಣ, ಹೋದ ಹೆಪ್ಪು. ಗಿಂಡಿಯಾಗೆ ಹೋಗಿದ್ದು ತಿರುಗಿ ಬರಲ್ಲ. ಬಟ್ಟೆಯಾಗೆ ಹೋಗಿದ್ದು ಕುರಿ ಜತಿಗೆ ಮನಿಗೆ ಬತ್ತೈತೆ" ಎಂದಳು. ಹೆಪ್ಪು ಕೊಡಲ್ಲ ಎಂದಾಗ ಅವಳು ನಿನ್ನನ್ನು ದೂರ ಮಾಡುತ್ತಿದ್ದಾಳೆ ಎಂದು ನಾನು ತಿಳಿದಿದ್ದೆ. ನಿನ್ನನ್ನು ಕೊಟ್ಟುಬಿಡಲು ಅವಳಿಗೆ ಮನಸ್ಸಿರಲಿಲ್ಲ ಅಷ್ಟೇ.

ಇನ್ನೊಂದು ಮಾತು ಹೇಳಿದಳು. "ಹುಳ ಗಿಳ ನಂಗೆ ತಿಳಿಯಲ್ಲ. ಅವ್ಳ ಹೊಟ್ಟ್ಯಾಗಿನ ಹೆಪ್ಪು ಸತ್ತೈತೆ ಅನ್ನಾಕೇನಾಗಿತ್ತು ಆಯಮ್ಮಂಗೆ? ಹೆಪ್ಪು ಸತ್ರೆ ಎಷ್ಟು ಹಾಲು ಹುಯ್ದ್ರೂ ನೀರೇ." ಮೇಡಂಗೆ ಹೇಳು, ಅವರ ಪಾಠ ಅವ್ವನಿಗೆ ಬಂದಿದೆ.

ಅಪ್ಪ ಸಂಕ್ರಾಂತಿಯ ತನಕ ಭರಮಸಾಗರದ ಕೆರೆ ಹಿಂದಿನ ಹೊಲಗಳಲ್ಲಿ ಇರುತ್ತಾನೆ. ನಿನಗೆ ಹತ್ತಿರ. ಹೋಗು ಎಂದು ನಾನು ಹೇಳುತ್ತಿಲ್ಲ.

ದಯಾನಂದ


ಚಿತ್ರದುರ್ಗ
9-1-2006

ಅಣ್ಣಾ,

ಹೋಗಿದ್ದೆ. ನಿನ್ನೆ ಭಾನುವಾರ, ದಾವಣಗೆರೆ ಬಸ್ಸು ಹತ್ತಿ ಭರಮಸಾಗರದಲ್ಲಿ ಇಳಿದೆ. ಕೆರೆ ಏರಿಯ ಮೇಲೆ ನಡೆಯುವಾಗಲೇ ಉಸಿರು ಸಾಕಾಯಿತು. ಓಟಗಾತಿ ಎಂದು ಯಾರಿಗೂ ಹೇಳುವಂತಿರಲಿಲ್ಲ. ಜೋಳದ ಕೂಳೆ ಹೊಲದಲ್ಲಿ ಮಂದೆ ನಿಂತಿತ್ತು. ಅಪ್ಪ ಜಾಲಿ ಮರದ ಕೆಳಗೆ ಕೂತು ಮರಿಯೊಂದರ ಕಾಲಿಗೆ ಮದ್ದು ಹಚ್ಚುತ್ತಿದ್ದ. ನನ್ನನ್ನು ನೋಡಿ, ನಿನ್ನೆಯಷ್ಟೇ ನೋಡಿದವನ ಹಾಗೆ, "ಕುಂತ್ಕ" ಎಂದ.

ಕೂತೆ. ಮರಿ ಒದರದಂತೆ ಅದರ ಇನ್ನೊಂದು ಕಾಲು ಹಿಡಿದುಕೊಂಡೆ. ಆಮೇಲೆ ನಾನೇ, "ಒಗೆದುಬಿಟ್ಟೆ ಅಪ್ಪ" ಎಂದೆ.

"ಸೋಪು ಯಾವ್ದು ಹಾಕಿದ್ದೆ?" ಎಂದ. ಹೇಳಿದೆ. "ಭಾರಿ ಸೋಪು" ಎಂದ. ಅವನ ಮೀಸೆ ಅಲುಗಿತು. ನನಗೆ ನಗು ಬಂತು, ಅದರ ಹಿಂದೆಯೇ ಅಳು ಬಂತು, ಅಪ್ಪ ಮರಿಯನ್ನು ಬಿಟ್ಟು ನನ್ನ ತಲೆ ಮೇಲೆ ಕೈಯಿಟ್ಟ. ಮದ್ದಿನ ಕೈ. ಈಗಲೂ ಕೂದಲು ನಾರುತ್ತಿದೆ.

ಚೀಲದಿಂದ ತನ್ನ ಹೆಪ್ಪಿನ ಬಟ್ಟೆ ತೆಗೆದು, ಹಲ್ಲಿನಲ್ಲಿ ಕಚ್ಚಿ, ಅರ್ಧ ಹರಿದು ಕೊಟ್ಟ. "ಕುರಿ ಹಿಂದೆ ಹೋದೋರು ಸುಸ್ತಾಗ್ತಾರೆ. ಸುಸ್ತಾಯ್ತು ಅಂತ ನಾವು ಮಂದೆ ಬಿಟ್ಟು ಬತ್ತೀವಾ? ಕುಂತು, ಕುಡುದು, ಎದ್ದು ಹೋಗಾದು" ಎಂದ. ಬಸ್ಸಿನ ತನಕ ಬಂದ. ತಿರುಗಿ ಬರುವ ದಾರಿಯ ಮಾತು ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ರಾತ್ರಿ ಸ್ಟೀಲ್ ಲೋಟದ ಹಾಲಿಗೆ ಬಟ್ಟೆ ಅದ್ದಿ, ನನ್ನ ಸ್ವೆಟರ್ ಸುತ್ತಿಟ್ಟೆ. ಬೆಳಗ್ಗೆ ಹೆಪ್ಪಾಗಿತ್ತು. ಅವ್ವನ ಮೊಸರಿನದೇ ಹುಳಿ.

ಕಾವ್ಯ


ಚಿತ್ರದುರ್ಗ
14-3-2006

ಅಣ್ಣಾ,

ನಿನ್ನೆ ಆಯ್ಕೆ ಓಟ ಆಯಿತು. ಎಂಟು ಸೀಟು, ನಾನು ಎಂಟನೆಯವಳು. ಒಂಬತ್ತನೆಯವಳು ನನಗಿಂತ ಎರಡು ಮಾರು ಹಿಂದಿದ್ದಳು. ಗೆರೆ ದಾಟಿ ಬಿದ್ದವಳನ್ನು ಮಾರುತೇಶ್ ಸರ್ ಎಬ್ಬಿಸಿ, "ಕತ್ತೆ ಅಂದಿದ್ದು ವಾಪಸ್ ತಗಂಡೆ, ಕುದ್ರೆ ಅನ್ನಾದು ಮುಂದಿನ ವರ್ಷ ನೋಡಾಣ" ಎಂದರು.

ಖುಷಿಯಾಯಿತಾ ಎಂದು ಕೇಳಬೇಡ. ಸುಸ್ತಾಗಿದೆ. ಆದರೆ ಇದು ಬೇರೆ ಸುಸ್ತು, ಮಲಗಿದರೆ ಹೋಗುತ್ತದೆ. ಫೆಬ್ರವರಿಯಲ್ಲಿ ಒಂದೇ ಒಂದು ಸಲ ನೆಗಡಿ ಬಂತು, ಗುಳಿಗೆ ತೆಗೆದುಕೊಳ್ಳಲಿಲ್ಲ.

ಹೆಪ್ಪಿನಿಂದಲೇ ಅಲ್ಲವಾ ಎಂದು ಉಷಾರಾಣಿ ಮೇಡಂ ಅವರನ್ನು ಕೇಳಿದೆ. ಹಾಗೆ ಬರೆಯಲಾಗುವುದಿಲ್ಲ ಎಂದರು. ಗುಳಿಗೆ ನಿಂತಿತು, ನಿದ್ದೆ ಬಂತು, ಊಟ ಸೇರಿತು, ಒಬ್ಬ ಹುಡುಗಿಯನ್ನು ನೋಡಿ ಏನನ್ನೂ ಹೇಳಲಾಗದಂತೆ. "ಅಪ್ಪ ಸಿಕ್ಕಿದ್ದಕ್ಕೆ ನನ್ ಪಟ್ಟೀಲಿ ಕಾಲಂ ಇಲ್ಲ ಕಣವ್ವ" ಎಂದು ನಕ್ಕರು. ಆಮೇಲೆ ನಮ್ಮ ಮೊಸರಿನ ಒಂದು ತೊಟ್ಟನ್ನು ಗಾಜಿನ ಮೇಲೆ ಹಚ್ಚಿ, ಬಣ್ಣ ಹಾಕಿ, ಸೂಕ್ಷ್ಮದರ್ಶಕದಲ್ಲಿ ತೋರಿಸಿದರು. ಸಣ್ಣ ಕಡ್ಡಿಗಳು, ಪೋಣಿಸಿದ ಮಣಿಗಳು, ಒತ್ತಾಗಿ ತುಂಬಿದ್ದವು. ಅವ್ವನ ಮಡಕೆಯಲ್ಲಿ ಅಷ್ಟು ಜನ ಇದ್ದಾರೆ ಅಣ್ಣಾ. ಹುಳ ಎನ್ನಬೇಡ, ಹೆಪ್ಪಿನ ಜೀವ ಎಂದು ಹೇಳು.

ಸೀಟು ಸಿಕ್ಕಿತು, ಆದ್ದರಿಂದ ಜುಂಜಪ್ಪ ಮಾವನಿಗೆ ನೀನೇ ಹೇಳಬೇಕು. ಮೇ ತಿಂಗಳಲ್ಲಿ ರಜೆ. ಎಲ್ಲರೂ ಊರಿಗೆ ಹೋಗುತ್ತಾರೆ. ನಾನು ಎಲ್ಲಿಗೆ ಹೋಗಲಿ ಎಂದು ಅವ್ವನನ್ನು ಕೇಳು.

ಕಾವ್ಯ


ಐಮಂಗಲ
7-5-2006

ಕಾವ್ಯಾ,

ಎರಡು ತಿಂಗಳು ಉತ್ತರ ಬರೆಯಲಿಲ್ಲ. ಕೈ ಬೆರಳು ಮಡಚಲು ಬರುತ್ತಿರಲಿಲ್ಲ. ಈ ಚಿಕುನ್‌ಗುನ್ಯಾ ಜ್ವರ ಹಟ್ಟಿಗೆ ಹಟ್ಟಿಯನ್ನೇ ಮಲಗಿಸಿದೆ. ನಾನು, ಅವ್ವ, ಮುದ್ದಕ್ಕ, ಎಲ್ಲರೂ ಗೋಡೆ ಹಿಡಿದು ನಡೆಯುವವರೇ. ಈಗ ನಿನ್ನ ಸುಸ್ತು ಎಂದರೆ ಏನೆಂದು ನನಗೆ ಗೊತ್ತಾಗಿದೆ. ಮೊದಲು ತಮಾಷೆ ಮಾಡಿದ್ದಕ್ಕೆ ತಪ್ಪಾಯಿತು.

ಜುಂಜಪ್ಪ ಮಾವನಿಗೆ ಹೇಳಿದೆ. ಕಾಫಿ ಕುಡಿಯದೆ ಹೋದ.

ಅವ್ವ ಮೂರು ವಾರ ಏಳಲಿಲ್ಲ. ಹಸು ಬತ್ತಿತು. ಮಡಕೆಯನ್ನು ಯಾರೂ ನೋಡಲಿಲ್ಲ. ಅವಳು ಎದ್ದು ಮುಚ್ಚಳ ತೆಗೆದಾಗ ಬೂಸಲು ಹಿಡಿದಿತ್ತು. ಅವಳು ಹೊಸದುರ್ಗದಿಂದ ತಂದ ಹೆಪ್ಪು, ಅವಳ ತಾಯಿ ತನ್ನ ತಾಯಿಯಿಂದ ತಂದದ್ದು, ಸತ್ತುಹೋಯಿತು. ಅಪ್ಪನಿಗೆ ಹೇಳಿ ಕಳಿಸಿದೆವು. ದಾವಣಗೆರೆ ಹತ್ತಿರ ಅಡ್ಡಮಳೆಗೆ ಸಿಕ್ಕಿ ಅವನ ಅರ್ಧ ಬಟ್ಟೆಯೂ ನೆನೆದು ಕೊಳೆತಿದೆ. ಪುಟ್ಟಕ್ಕನ ಮನೆಯಲ್ಲಿ ಈಗ ಪ್ಯಾಕೆಟ್ ಮೊಸರು. ಡೈರಿಯಿಂದ ತರುತ್ತೇನೆ ಎಂದರೆ ಅವ್ವ ಬೇಡ ಎಂದಳು. ಎರಡು ದಿನ ಮಡಕೆಯ ಮುಂದೆ ಸುಮ್ಮನೆ ಕೂತಿದ್ದಳು.

ಇವತ್ತು ಬೆಳಗ್ಗೆ ನನ್ನನ್ನು ಕರೆದು ಪೆನ್ನು ಹಿಡಿಸಿದಳು. ಅವಳು ಹೇಳಿದ್ದನ್ನು ಹೇಳಿದಂತೆ ಬರೆಯುತ್ತಿದ್ದೇನೆ, ನನ್ನದು ಒಂದಕ್ಷರವೂ ಇಲ್ಲ.

"ಕಾವ್ಯಂಗೆ ಬರಿ. ಮನೆಯಾಗೆ ಹೆಪ್ಪಿಲ್ಲ ಅಂತ ಬರಿ. ಇರಾದು ಅವ್ಳತ್ರ ಒಂದೇ. ಮಡಕೆ ತೊಳ್ದು ಬಿಸಿಲಿಗಿಟ್ಟೀನಿ. ಮುದ್ದಕ್ಕನತ್ರ ಹಾಲು ಹೇಳೀನಿ. ರಜ ಮುಗುದು ಹೋಗಾವಾಗ ಬಟ್ಟೆ ನಾನೇ ಅದ್ದಿ ಕೊಡ್ತೀನಿ ಅನ್ನು, ಗಿಂಡಿ ಅಲ್ಲ, ಬಟ್ಟೆ. ಓಡಾಕೆ ಕಲ್ತಾಳಲ್ಲ, ಓಡ್ಕಂಡು ಬರಾಕೇಳು."

ಅಷ್ಟೇ. ಬಸ್ಸು ಹೆದ್ದಾರಿ ಗೇಟಿನ ಹತ್ತಿರ ನಿಲ್ಲಿಸುತ್ತಾರೆ, ನಾನು ಸೈಕಲ್ ತಂದಿರುತ್ತೇನೆ.

ನಿನ್ನ ಅಣ್ಣ
ದಯಾನಂದ